ರಾಣಿಯ ಮಸ್ಲಿನ್ ಗೌನು: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ,

ನಿಮ್ಮ 'ಸರಳತೆಯ ರಾಣಿ' ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ನೀವು ಆರಿಸಿಕೊಂಡ ಚಿತ್ರ ತುಂಬ ಒಳ್ಳೆಯದು. ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಬಿಳಿ ಮಸ್ಲಿನ್ ಗೌನು, ಹುಲ್ಲಿನ ಟೋಪಿ ಹಾಕಿಕೊಂಡು ಗುಲಾಬಿ ಹಿಡಿದಿದ್ದಾಳೆ. ಎಲಿಸಬೆತ್ ವಿಜೆ ಲ ಬ್ರನ್ 1783ರಲ್ಲಿ ಬರೆದದ್ದು. ನೀವು ಶುರು ಮಾಡುವುದೇ 'ಈ ಉಡುಪು ನೋಡಿದರೆ ಸಾಕು, ರಾಣಿಯ ಸರಳ ಮನಸ್ಸು ತಿಳಿಯುತ್ತದೆ' ಎಂದು. ಅಲ್ಲಿಂದ ಕೊನೆಯವರೆಗೆ ಸರಳ, ಮುಗ್ಧ, ಮನಮೋಹಕ ಅನ್ನುವ ಮಾತುಗಳೇ. ಗೌನು ಮಾತ್ರ ಎಲ್ಲೂ ಕಾಣುವುದಿಲ್ಲ. ಅದರ ಕುತ್ತಿಗೆ ಹೇಗಿದೆ? ತೋಳು ಹೇಗಿದೆ? ಬಟ್ಟೆ ಎಲ್ಲಿ ನೆರಿಗೆಯಾಗುತ್ತದೆ, ಎಲ್ಲಿ ಬಿಗಿಯಾಗುತ್ತದೆ? ಓದುವವರ ಎದುರಿಗೆ ಚಿತ್ರ ಇರುವುದಿಲ್ಲ. ನಿಮ್ಮ ಕಣ್ಣೇ ಅವರ ಕಣ್ಣು.

ಒಂದು ದೊಡ್ಡ ತಪ್ಪನ್ನು ನೇರವಾಗಿಯೇ ಹೇಳುತ್ತೇನೆ. ಈ ಗೌನನ್ನು ನೀವು 'ರೋಬ್ ಅ ಲಾ ಫ್ರಾನ್ಸೇಸ್' ಎಂದು ಕರೆದಿದ್ದೀರಿ. ಅಲ್ಲ. ಆ ಶೈಲಿಯಲ್ಲಿ ಬೆನ್ನಿನ ಮೇಲ್ಭಾಗದಿಂದ ಅಗಲವಾದ ನೆರಿಗೆಗಳು ನೆಲದವರೆಗೆ ಇಳಿಬಿದ್ದಿರುತ್ತವೆ. ಮುಂದೆ ಎದೆಯ ಮೇಲೆ ತ್ರಿಕೋನದ ಒಂದು ತುಂಡು, ಒಳಗೆ ಸೊಂಟದ ಎರಡೂ ಬದಿಗೆ ಲಂಗವನ್ನು ಅಗಲಿಸುವ ಚೌಕಟ್ಟು. ಚಿತ್ರಕಾರ ಬುಷೆ 1756ರಲ್ಲಿ ಬರೆದ, ಹದಿನೈದನೇ ಲೂಯಿ ದೊರೆಯ ಪ್ರೇಯಸಿ ಮದಾಮ್ ದ ಪೊಂಪದೂರ್‌ಳ ಚಿತ್ರ ನೋಡಿ. ಮ್ಯೂನಿಕ್‌ನಲ್ಲಿದೆ. ಹಸಿರು ರೇಷ್ಮೆ, ಎದೆಯ ಮೇಲೆ ಏಣಿಯ ಹಾಗೆ ಒಂದರ ಕೆಳಗೊಂದು ರಿಬ್ಬನ್ ಗಂಟುಗಳು. ಅದು ನಿಜವಾದ ಫ್ರಾನ್ಸೇಸ್. ನಿಮ್ಮ ಚಿತ್ರದಲ್ಲಿ ರಾಣಿಯ ಬೆನ್ನೇ ಕಾಣುವುದಿಲ್ಲ, ಅಲ್ವಾ? ಕಾಣದ ಬೆನ್ನಿನ ನೆರಿಗೆಯ ಬಗ್ಗೆ ನೀವು ಒಂದಿಡೀ ಪ್ಯಾರಾ ಬರೆದಿದ್ದೀರಿ. ಕಾಣುವುದು ಬೇರೆಯೇ ಇದೆ. ತೆಳುವಾದ ಬಟ್ಟೆಯನ್ನು ಕುತ್ತಿಗೆಯ ಬಳಿ ಸುರುಟಿ ಫ್ರಿಲ್ ಮಾಡಿದ್ದಾರೆ. ತೋಳುಗಳನ್ನೂ ಹಾಗೇ ಸುರುಟಿ ಕಟ್ಟಿದ್ದಾರೆ. ನಡುವಿಗೆ ಹೊನ್ನಿನ ಬಣ್ಣದ ತೆಳುಪಟ್ಟಿ. ಇದಕ್ಕೆ ಆಮೇಲೆ 'ಶೆಮೀಜ್ ಅ ಲಾ ರೇನ್', ಅಂದರೆ ರಾಣಿಯ ಶೈಲಿಯ ಒಳ ಅಂಗಿ, ಎಂದೇ ಹೆಸರಾಯಿತು.

ಇನ್ನು ಸರಳತೆಯ ವಿಷಯ. ನನಗೆ ನಿಮ್ಮ ಮೇಲೆ ತಕರಾರಿರುವುದು ಹೆಚ್ಚಾಗಿ ಇಲ್ಲೇ. ಬಿಳಿ ಕಾಟನ್, ಒಡವೆ ಇಲ್ಲ, ಆದ್ದರಿಂದ ಸರಳ ಎಂದು ತೀರ್ಪು ಕೊಟ್ಟಿದ್ದೀರಿ. ಅದು ಇವತ್ತಿನ ಕಣ್ಣು. 1783ರಲ್ಲಿ ಪ್ಯಾರಿಸ್‌ನ ಲೂವ್ರ್ ಅರಮನೆಯಲ್ಲಿ ನಡೆದ 'ಸಲೋನ್' ಎಂಬ ಕಲಾಪ್ರದರ್ಶನಕ್ಕೆ ಬಂದ ಜನ ಕಂಡದ್ದು ಬೇರೆ. ಆಗ ಹೆಂಗಸರು ಗೌನಿನ ಒಳಗೆ, ಮೈಗೆ ತಾಗಿ ತೊಡುತ್ತಿದ್ದದ್ದು ಇಂಥದೇ ಬಿಳಿಯ ಸಡಿಲ ಬಟ್ಟೆ. ರಾಣಿ ಒಳ ಉಡುಪಿನಲ್ಲಿ ಎಲ್ಲರ ಮುಂದೆ ಬಂದಿದ್ದಾಳೆ ಎಂದು ಗಲಾಟೆಯಾಯಿತು. ನಮ್ಮಲ್ಲಿ ಮದುಮಗಳು ಬರೀ ಒಳಲಂಗದಲ್ಲಿ ಮಂಟಪಕ್ಕೆ ಬಂದರೆ ಹೇಗೋ ಹಾಗೆ. ಚಿತ್ರವನ್ನು ತೆಗೆದರು. ಅದರ ಜಾಗಕ್ಕೆ ಅದೇ ಕಲಾವಿದೆ ಇನ್ನೊಂದನ್ನು ಬರೆದುಕೊಟ್ಟಳು. ಅದೇ ನಿಲುವು, ಅದೇ ಗುಲಾಬಿ. ಉಡುಪು ಮಾತ್ರ ನೀಲಿ-ಬೂದು ರೇಷ್ಮೆ, ಲೇಸು, ಕೊರಳಲ್ಲಿ ಮುತ್ತು. ಅದು ಈಗಲೂ ವರ್ಸೇಲ್ಸ್ ಅರಮನೆಯಲ್ಲಿದೆ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಗೌನು ಯಾಕೆ ನಡೆಯಲಿಲ್ಲ, ಇನ್ನೊಂದು ಯಾಕೆ ನಡೆಯಿತು? ನಿಮ್ಮ ಲೇಖನ ಇರುವುದು ಆ ಎರಡರ ನಡುವೆ. ನೀವೋ ಎರಡನೇ ಚಿತ್ರದ ಹೆಸರೇ ಎತ್ತಿಲ್ಲ!

ಬಟ್ಟೆಯ ಬಗ್ಗೆ ನಿಮ್ಮದು ಒಂದೇ ಸಾಲು. ನನಗೆ ಬೇಜಾರಾಗಿದ್ದು ಅದನ್ನು ಓದಿ. ಅಷ್ಟು ನವಿರಾದ ಮಸ್ಲಿನ್ ಆಗ ಭಾರತದಿಂದ, ಮುಖ್ಯವಾಗಿ ಬಂಗಾಳದಿಂದ ಹೋಗುತ್ತಿತ್ತು. ಫ್ರಾನ್ಸಿನ ಹೆಮ್ಮೆ ಲಿಯೋನ್ ಊರಿನ ರೇಷ್ಮೆ. ರಾಣಿಯೇ ರೇಷ್ಮೆ ಬಿಟ್ಟು ಹೊರಗಿನ ಬಟ್ಟೆ ತೊಟ್ಟರೆ ಲಿಯೋನ್‌ನ ನೇಕಾರರ ಗತಿ ಏನು ಎಂಬ ಸಿಟ್ಟೂ ಆ ಗಲಾಟೆಯಲ್ಲಿ ಸೇರಿತ್ತು. ಅವಳು ಆಸ್ಟ್ರಿಯಾದ ವಿಯೆನ್ನಾದಲ್ಲಿ ಹುಟ್ಟಿದವಳು, ಜನರ ಬಾಯಲ್ಲಿ ಮೊದಲೇ 'ಆಸ್ಟ್ರಿಯಾದವಳು'. ಸಮುದ್ರ ದಾಟಿ ಬಂದ ಬಟ್ಟೆ ಅಗ್ಗವೂ ಅಲ್ಲ. ಅದನ್ನು ಬೆಳ್ಳಗೆ ಇಟ್ಟುಕೊಳ್ಳುವುದಕ್ಕೇ ಆಳುಕಾಳು ಬೇಕು. ಹಾಗಿರುವಾಗ ಸರಳ ಅನ್ನುವ ಮಾತು ಎಷ್ಟು ನಿಲ್ಲುತ್ತದೆ?

ಕನ್ನಡದ ಓದುಗರಿಗಾಗಿ ಒಂದು ವಿಷಯವನ್ನು ನೀವು ಖಂಡಿತ ಸೇರಿಸಬಹುದು. 1788ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ಪ್ಯಾರಿಸ್‌ಗೆ ಹೋದಾಗ ಇದೇ ಕಲಾವಿದೆ ಅವರಲ್ಲೊಬ್ಬನಾದ ಮಹಮ್ಮದ್ ದರ್ವೇಶ್ ಖಾನ್‌ನ ಚಿತ್ರ ಬರೆದಳು. ಅವನು ತೊಟ್ಟದ್ದೂ ಬಿಳಿ ಮಸ್ಲಿನ್, ಮೇಲೆ ಹೊನ್ನಿನ ಹೂಗಳು. 1789ರ ಸಲೋನ್‌ನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟರು. ಮಸ್ಲಿನ್ ಒಬ್ಬನ ಮೈಮೇಲೆ ದರ್ಬಾರಿನ ಉಡುಪು, ಇನ್ನೊಬ್ಬಳ ಮೈಮೇಲೆ ನಾಚಿಕೆಗೇಡು. ನಾನು ಬರೆಯುತ್ತಿದ್ದರೆ ಲೇಖನದ ನಡುವೆ ಇದಕ್ಕೆ ಧಾರಾಳವಾಗಿ ಜಾಗ ಕೊಡುತ್ತಿದ್ದೆ.

'ರಾಣಿಯ ಅಭಿರುಚಿ' ಅನ್ನುವಾಗಲೂ ಸ್ವಲ್ಪ ತಡೆಯಿರಿ. ಆ ಕಾಲದ ಹೆಂಗಸರ ಉಡುಪು ತನಗೆ ಹಿಡಿಸುತ್ತಿರಲಿಲ್ಲ ಎಂದು ಚಿತ್ರ ಬರೆದವಳೇ ತನ್ನ ನೆನಪುಗಳಲ್ಲಿ ಹೇಳಿಕೊಂಡಿದ್ದಾಳೆ. ಹಾಗಾಗಿ ಚಿತ್ರದ ಗೌನಿನಲ್ಲಿ ಇಬ್ಬರ ಇಷ್ಟವೂ ಬೆರೆತಿರಬಹುದು. ಅವಳೇ 1778ರಲ್ಲಿ ಇದೇ ರಾಣಿಯನ್ನು ಅಗಲ ಲಂಗದ ದರ್ಬಾರಿ ಗೌನಿನಲ್ಲಿ ಬರೆದಿದ್ದಳು. ಅದು ವಿಯೆನ್ನಾದಲ್ಲಿದೆ, ಅದನ್ನೂ ನೋಡಿಕೊಳ್ಳಿ.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಅಲ್ಲಿರುವುದು ಹೆಚ್ಚಾಗಿ ಫ್ರಾನ್ಸಿನ ಕ್ರಾಂತಿಯ ಕಥೆ, ಅದು ಎಲ್ಲರಿಗೂ ಗೊತ್ತು. ಮೂರನೇ ಪುಟದಲ್ಲಿ 'ನಡುಪಟ್ಟಿ ಬಿಗಿದ ಕಡೆ ಮಾತ್ರ ಬಟ್ಟೆಗೆ ಒಳಗೊಂದು ಮೈ ಇದೆ ಎಂದು ನೆನಪಾಗುತ್ತದೆ' ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ನೀವು ನಿಜವಾಗಿ ಗೌನನ್ನು ನೋಡಿದ್ದು ಅಲ್ಲಿ. ಅಲ್ಲಿಂದ ಶುರು ಮಾಡಿ. ಅವಸರ ಬೇಡ, ನಾನು ಕಾಯುತ್ತೇನೆ. ಇನ್ನೊಂದು, ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿರುವುದು ಬೇರೆಯವರು ಮಾಡಿದ ನಕಲು. ಮೂಲಚಿತ್ರ ಜರ್ಮನಿಯ ಹೆಸ್ ರಾಜಮನೆತನದ ಸಂಗ್ರಹದ್ದು. ನೀವು ಯಾವುದನ್ನು ನೋಡಿ ಬರೆದಿರಿ ಎಂದು ಮುಂದಿನ ಕರಡಿನ ಜೊತೆ ತಿಳಿಸಿ.

ಇಂತಿ ನಿಮ್ಮ,
ಸಂಪಾದಕ