ಸಿಂಗಲ್ ಹೆಡ್ ಎಂಬ್ರಾಯ್ಡರಿ ಮೆಷಿನ್‌ನಲ್ಲಿ ಒಂದು ಬ್ಲೌಸ್‌ಗೆ ಅಸಲು ಎಷ್ಟು ಬೀಳುತ್ತದೆ?

ಹೊಸದಾಗಿ ಸಿಂಗಲ್ ಹೆಡ್, ಅಂದರೆ ಒಂದು ಸಲಕ್ಕೆ ಒಂದೇ ಪೀಸ್ ಹೊಲಿಯುವ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ಹಾಕಿದ್ದೀರಿ, 60,000 ಸ್ಟಿಚ್‌ನ ಬ್ಲೌಸ್‌ಗೆ ದಾರದ ಖರ್ಚು ಎಷ್ಟು ಹಿಡಿಯಬೇಕು, ಸಾವಿರ ಸ್ಟಿಚ್‌ಗೆ ಯಾವ ರೇಟ್ ಹೇಳಬೇಕು ಎಂದು ಕೇಳಿದ್ದೀರಿ. ದಾರದಿಂದ ಶುರು ಮಾಡಬೇಡಿ. ಖರ್ಚಿನ ಬಹುಪಾಲು ಮೆಷಿನ್ ಹಿಡಿಯುವ ಸಮಯದಲ್ಲಿದೆ, ಮೊದಲು ಒಂದು ನಿಮಿಷದ ಬೆಲೆ ತೆಗೆಯಿರಿ.

ಮೆಷಿನ್ 5,10,000 ರೂಪಾಯಿ, ಐದು ವರ್ಷದ ನಂತರ ಮಾರಿದರೆ 1,50,000 ಬರುತ್ತದೆ ಎಂದಿಟ್ಟುಕೊಳ್ಳೋಣ. ಸವಕಳಿ ತಿಂಗಳಿಗೆ 6,000. ಸಾಲದ ಬಡ್ಡಿ 3,600, ಬಾಡಿಗೆ 5,000, ಆಪರೇಟರ್ ಸಂಬಳ 16,000, ಕರೆಂಟ್ 1,200, ಸೂಜಿ, ಎಣ್ಣೆ, ಸರ್ವೀಸ್ 1,800. ಒಟ್ಟು 33,600. ಇವು ಉದಾಹರಣೆಯ ಅಂಕಿಗಳು, ನಿಮ್ಮವನ್ನು ಹಾಕಿಕೊಳ್ಳಿ. ಮೆಷಿನ್ ಮುಂದೆ ನೀವೇ ಕೂರುವುದಾದರೂ ಸಂಬಳದ ಸಾಲನ್ನು ಬಿಡಬೇಡಿ.

ಇದನ್ನು 25 ದಿನ, 8 ಗಂಟೆ ಎಂದು 200ರಿಂದ ಭಾಗಿಸಿದರೆ ಗಂಟೆಗೆ 168 ಬರುತ್ತದೆ. ಹೆಚ್ಚಿನವರು ಕೈ ಸುಟ್ಟುಕೊಳ್ಳುವುದು ಇಲ್ಲೇ. ಕರೆಂಟ್ ಹೋಗುವುದು, ಸ್ಯಾಂಪಲ್ ಹೊಡೆಯುವುದು, ಗಿರಾಕಿ ಬಟ್ಟೆ ತಡವಾಗಿ ತರುವುದು, ಆಷಾಢದಲ್ಲಿ ಮದುವೆ ಆರ್ಡರ್ ಇಲ್ಲದಿರುವುದು, ಎಲ್ಲ ಕಳೆದರೆ ದುಡ್ಡು ಹುಟ್ಟುವ ಗಂಟೆ ಸುಮಾರು 140. ಆಗ ಗಂಟೆಗೆ 240, ನಿಮಿಷಕ್ಕೆ 4 ರೂಪಾಯಿ.

ಈಗ ಬ್ಲೌಸ್. ಡೀಲರ್ ನಿಮಿಷಕ್ಕೆ 1,000 ಸ್ಟಿಚ್ ಎಂದಿರುತ್ತಾನೆ, ಒಂದು ಗಂಟೆಯ ಕೆಲಸ ಅನ್ನಿಸುತ್ತದೆ. ಆದರೆ ಪಾಲಿಯೆಸ್ಟರ್ ದಾರದ 45,000 ಸ್ಟಿಚ್ 750ರ ವೇಗದಲ್ಲಿ 60 ನಿಮಿಷ. ಜರಿ ದಾರ ವೇಗ ತಡೆಯುವುದಿಲ್ಲ, ಸಿಬಿರೆದ್ದು ತುಂಡಾಗುತ್ತದೆ. ಆ 15,000 ಸ್ಟಿಚ್‌ಗೆ 500 ಇಟ್ಟರೆ 30 ನಿಮಿಷ. ಟ್ರಿಮ್ (ಮೆಷಿನ್ ದಾರ ಕತ್ತರಿಸುವುದು), ಬಣ್ಣ ಬದಲಾವಣೆ ಸೇರಿ 120 ಸಲ ನಿಂತರೆ, ಸಲಕ್ಕೆ 7 ಸೆಕೆಂಡ್‌ನಂತೆ 14 ನಿಮಿಷ. ದಾರ ತುಂಡಾದಾಗ ಪೋಣಿಸಲು 6. ಎರಡು ತೋಳು, ಒಂದು ಬೆನ್ನು, ಮೂರು ಸಲ ಫ್ರೇಮ್ (ಬಟ್ಟೆ ಬಿಗಿದು ಹಿಡಿಯುವ ಚೌಕಟ್ಟು) ಹಾಕಲು 15. ಒಟ್ಟು 125 ನಿಮಿಷ, ಅಂದರೆ 500 ರೂಪಾಯಿ. ಇನ್ನೊಂದು ಜೊತೆ ಫ್ರೇಮ್ ಇಟ್ಟುಕೊಂಡು, ಒಂದು ಓಡುವಾಗ ಇನ್ನೊಂದನ್ನು ಸಿದ್ಧ ಮಾಡಿದರೆ ಆ 15ರಲ್ಲಿ ಬಹುಪಾಲು ಉಳಿಯುತ್ತದೆ. ಇಷ್ಟು ಬೇಗ ದುಡಿದುಕೊಡುವ ಖರೀದಿ ಬೇರೆ ಇಲ್ಲ.

ದಾರಕ್ಕೆ ಬರೋಣ. ಸಾವಿರ ಸ್ಟಿಚ್‌ಗೆ ಮೇಲಿನ ದಾರ ಸುಮಾರು 5ರಿಂದ 6 ಮೀಟರ್, ಬಾಬಿನ್ ದಾರ, ಅಂದರೆ ಬಟ್ಟೆಯ ಅಡಿಯಿಂದ ಬರುವ ದಾರ, ಸುಮಾರು 2 ಮೀಟರ್. ಈ ಬ್ಲೌಸ್‌ಗೆ ಮೇಲೆ 330 ಮೀಟರ್, ಕೆಳಗೆ 120. 5,000 ಮೀಟರ್‌ನ ಕೋನ್‌ನಲ್ಲಿ ಇದು ಸಣ್ಣ ಪಾಲು. ಜರಿ, ಅಡಿಗೆ ಹಾಕುವ ಪೇಪರ್ ಎಲ್ಲ ಸೇರಿಸಿ 40 ರೂಪಾಯಿ ಹಿಡಿಯಿರಿ. ಮೊತ್ತ 540. ಹಾಳಾಗುವ ಬಟ್ಟೆಗೆ ನೂರಕ್ಕೆ 4ರಂತೆ ಸುಮಾರು 22 ಸೇರಿಸಿ, ಏಕೆಂದರೆ ರೇಷ್ಮೆಯಲ್ಲಿ ಸೂಜಿ ತಪ್ಪಿದ ತೂತು ಮುಚ್ಚುವುದಿಲ್ಲ, ಬಟ್ಟೆ ನೀವೇ ಕೊಡಿಸಬೇಕಾಗುತ್ತದೆ. ಅಸಲು 562. ಮಾರುವ ಬೆಲೆಯಲ್ಲಿ ನೂರಕ್ಕೆ 20 ಲಾಭ ಬೇಕಿದ್ದರೆ 562ನ್ನು 0.8ರಿಂದ ಭಾಗಿಸಿ: ಸುಮಾರು 702. ಅಸಲಿನ ಮೇಲೆ 20 ಕೂಡಿಸಿದರೆ 674 ಮಾತ್ರ ಬರುತ್ತದೆ, ಎರಡೂ ಒಂದೇ ಅಲ್ಲ.

ಪಂಚಿಂಗ್, ಅಂದರೆ ಚಿತ್ರವನ್ನು ಮೆಷಿನ್ ಓದುವ ಸ್ಟಿಚ್ ಫೈಲ್ ಮಾಡಿಸುವ ಚಾರ್ಜ್, ಇದರ ಹೊರಗೆ. ಒಬ್ಬರಿಗೇ ಮಾಡಿಸಿದ ಡಿಸೈನ್ ಆದರೆ ಪೂರ್ತಿ ಅವರ ಬಿಲ್‌ಗೆ ಹಾಕಿ. ಪಂಚಿಂಗ್ ಮಾಡುವವರಿಗೆ ಫಿಲ್ ಡೆನ್ಸಿಟಿ (ತುಂಬುವ ಹೊಲಿಗೆಯ ಸಾಲುಗಳ ನಡುವಿನ ಅಂತರ) 0.4 ಮಿ.ಮೀ. ಎಂದೇ ಹೇಳಿ. 0.3 ಇಟ್ಟರೆ ಆ ಭಾಗದ ಸ್ಟಿಚ್ ಮೂರನೇ ಒಂದು ಪಾಲು ಏರುತ್ತದೆ, ಬಟ್ಟೆಯೂ ಸುಕ್ಕುಗಟ್ಟುತ್ತದೆ.

ಮಾರುವ ಬೆಲೆ 702ನ್ನು 60ರಿಂದ ಭಾಗಿಸಿದರೆ ಸಾವಿರ ಸ್ಟಿಚ್‌ಗೆ ಹೇಳಬೇಕಾದ ರೇಟ್ ಸುಮಾರು 11.70. ಸೂರತ್‌ನ ಮಲ್ಟಿ ಹೆಡ್ (ಒಟ್ಟಿಗೆ ಹಲವು ಪೀಸ್ ಹೊಲಿಯುವ) ಮೆಷಿನ್‌ಗಳ ರೇಟ್ ತೋರಿಸಿ ಚೌಕಾಸಿ ಮಾಡುವವರಿಗೆ ಬಗ್ಗಬೇಡಿ. ಅಲ್ಲಿ ಒಬ್ಬ ಆಪರೇಟರ್ ಸಂಬಳ ಎಷ್ಟೋ ಹೆಡ್‌ಗಳಿಗೆ ಹಂಚಿಹೋಗುತ್ತದೆ. ಸಣ್ಣ ಲೋಗೋಗೆ ಇದೇ ರೇಟ್ ಹಚ್ಚಲೂಬೇಡಿ. 5,000 ಸ್ಟಿಚ್‌ನ ಲೋಗೋ 7 ನಿಮಿಷ ಹೊಲಿದರೆ, ಟ್ರಿಮ್‌ಗೆ 2, ಫ್ರೇಮ್‌ಗೆ 3, ಒಟ್ಟು 12 ನಿಮಿಷ, ಅದರಲ್ಲಿ ಕಾಲುಭಾಗ ಬರೀ ಫ್ರೇಮ್. ಅದಕ್ಕೆ ಪೀಸ್‌ಗೆ ಇಷ್ಟು ಎಂದು ಕನಿಷ್ಠ ದರ ಗೊತ್ತುಮಾಡಿ.