ಎರಡು ವರ್ಷವಾದರೂ ಫೋಟೊ ಸುಧಾರಿಸುತ್ತಿಲ್ಲ, ಫುಲ್‌ಫ್ರೇಮ್ ಕ್ಯಾಮೆರಾ ತಗೊಳ್ಳಲಾ?

ಕ್ಯಾಮೆರಾ ಜೊತೆಗೇ ಬರುವ 18-55 ಲೆನ್ಸು, ಎರಡು ವರ್ಷ, ವಯಸ್ಸು ನಲವತ್ತು, 'ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾ ತಗೊಳ್ಳಲಾ, ಇಲ್ಲಾ ಬೆಂಗಳೂರಿಗೆ ಹೋಗಿ ಕೋರ್ಸ್ ಮಾಡಲಾ' ಅನ್ನುವ ತೊಳಲಾಟ. ನಿಮ್ಮ ಪ್ರಶ್ನೆ ಓದುತ್ತಾ ಹೋದ ಹಾಗೆ 2018ರ ನನ್ನನ್ನೇ ನೋಡಿದ ಹಾಗಾಯಿತು. ಹಾಗಾಗಿ ಮೊದಲು ನನಗಾದದ್ದನ್ನು ಹೇಳಿಬಿಡುತ್ತೇನೆ.

ನಾನು ಕಾರವಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸುವವಳು. ತವರು ಶಿರಸಿ ಕಡೆ, ಅಡಿಕೆ ತೋಟದ ಮನೆ. 2016ರಲ್ಲಿ ಕ್ಯಾಮೆರಾ ಕೊಂಡೆ, ನಿಮ್ಮದೇ ಥರದ್ದು. ಭಾನುವಾರ ಬಂತೆಂದರೆ ಸಂಜೆ ಟ್ಯಾಗೋರ್ ಕಡಲತೀರ. ಸೂರ್ಯ ಮುಳುಗುವುದು, ಗಾಳಿಮರಗಳ ಸಾಲು, ಕಾಳಿ ನದಿ ಕಡಲು ಸೇರುವ ಜಾಗ, ಆಚೆ ಸದಾಶಿವಗಡದ ಗುಡ್ಡ. ನೋಡಿದವರೆಲ್ಲ ಚೆಂದ ಉಂಟು ಅನ್ನುತ್ತಿದ್ದರು. ಆದರೆ ಹೋದ ವರ್ಷದ ಫೋಟೊ ಯಾವುದು, ಈ ವರ್ಷದ್ದು ಯಾವುದು ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ನೀವು 'ಸುಧಾರಿಸುತ್ತಿಲ್ಲ' ಅಂದಿರಲ್ಲ, ಅದು ಇದೇ ಅಲ್ವಾ?

ಆಗ ದಾಂಡೇಲಿಗೆ ಹೋಗಿದ್ದೆವು. ಅಲ್ಲಿ ಒಬ್ಬರ ಕೈಯಲ್ಲಿ ಉದ್ದನೆಯ ಲೆನ್ಸ್ ಇತ್ತು. ಅವರು ತೆಗೆದ ಮಂಗಟ್ಟೆ ಹಕ್ಕಿಯ ಫೋಟೊ ತೋರಿಸಿದರು. ಕಣ್ಣಿನ ರೆಪ್ಪೆ ಕೂಡ ಎಣಿಸಬಹುದಿತ್ತು. ಮನೆಗೆ ಬರುವಷ್ಟರಲ್ಲಿ ತೀರ್ಮಾನ ಆಗಿಬಿಟ್ಟಿತ್ತು, ನನ್ನ ಕೊರತೆ ಇದೇ ಅಂತ. ಸೊಸೈಟಿಯಲ್ಲಿ ಸಾಲ ಮಾಡಿ 150-600 ಲೆನ್ಸ್ ತಂದೆ. ಎರಡು ಕೆಜಿ ತೂಕ. ಸಾಲದ ಕಂತು ಮೂರು ವರ್ಷ.

ಆ ಏಪ್ರಿಲ್‌ನಲ್ಲಿ ಮೀನು ಪೇಟೆಯಲ್ಲಿ ದೂರದಿಂದ ಒಬ್ಬ ಅಜ್ಜಿಯ ಫೋಟೊ ತೆಗೆದೆ. ಮುಖ ಮಾತ್ರ, ಹಿಂದೆ ಎಲ್ಲ ಬೆಣ್ಣೆಯಂತೆ ಮಸುಕು. ನಾನು ಅಲ್ಲಿಯವರೆಗೆ ತೆಗೆದ ಫೋಟೊಗಳಲ್ಲೇ ಇದು ಒಳ್ಳೆಯದು ಅನ್ನಿಸಿ ಪ್ರಿಂಟ್ ಹಾಕಿಸಿಕೊಂಡು ಹೋಗಿ ಕೊಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡು ತಗೊಂಡರು. ತಿರುಗಿಸಿ ತಿರುಗಿಸಿ ನೋಡಿದರು. 'ಅಕ್ಕೋರೆ, ನನ್ನ ಮೋರೆ ಕನ್ನಡಿಯಲ್ಲೂ ಕಾಣ್ತದೆ. ಬುಟ್ಟಿ ಎಲ್ಲಿ? ಬಂಗಡೆ ಎಲ್ಲಿ?' ಅಂದರು. ಆವತ್ತು ನನಗೆ ಬೇಜಾರಾಯಿತು. ಅವರು ಎಂಥ ಮಾತು ಹೇಳಿದರು ಅನ್ನುವುದು ತಿಳಿಯಲು ಇನ್ನೂ ಒಂದು ವರ್ಷದ ಮೇಲೆ ಬೇಕಾಯಿತು.

ಈಗ ತಪ್ಪಿನ ವಿಷಯ. ಇದನ್ನು ವಿವರವಾಗಿ ಹೇಳುತ್ತೇನೆ, ದಯವಿಟ್ಟು ಹಾರಿಸಿ ಓದಬೇಡಿ.

ಜೂನ್ ಬಂತು. ಮಳೆಗಾಲ ಫೋಟೊ ಕಾಲ ಅಲ್ಲ ಅಂತ ನಾನೇ ಗೆರೆ ಎಳೆದುಕೊಂಡಿದ್ದೆ. ಹಿಂದಿನ ಎರಡು ವರ್ಷವೂ ಹಾಗೇ ಮಾಡಿದ್ದು. ಲೆನ್ಸನ್ನು ಚೆನ್ನಾಗಿ ಒರೆಸಿದೆ, ಮೆತ್ತನೆಯ ಟವೆಲ್ ಸುತ್ತಿದೆ, ಅದರದ್ದೇ ಚೀಲಕ್ಕೆ ಹಾಕಿದೆ, ಚಪ್ಪಲಿ ಡಬ್ಬದಲ್ಲಿ ಬಂದಿದ್ದ ಸಿಲಿಕಾ ಜೆಲ್ ಪೊಟ್ಟಣ ಎರಡು ಜೊತೆಗಿಟ್ಟೆ, ಮರದ ಕಪಾಟಿನಲ್ಲಿ ಬಟ್ಟೆಗಳ ಕೆಳಗೆ ಭದ್ರವಾಗಿ ಇಟ್ಟೆ. ಚಿನ್ನ ಇಟ್ಟ ಹಾಗೆ. ನವರಾತ್ರಿ ಕಳೆದ ಮೇಲೆ ತೆಗೆದೆ. ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಅಂಚಿನಿಂದ ನಡುವಿನವರೆಗೆ ಕವಲೊಡೆದು ಹಬ್ಬಿದ್ದವು. ಶಿಲೀಂಧ್ರ. ನಮ್ಮ ಮಾತಲ್ಲಿ ಹೇಳುವುದಾದರೆ ಬೂಸಲು.

ನಾನು ಮಾಡಿದ ಒಂದೊಂದು ಕೆಲಸವೂ ಅದಕ್ಕೆ ಗೊಬ್ಬರ ಆಗಿತ್ತು. ಬೂಸಲಿಗೆ ಬೇಕಾದ್ದು ತೇವ, ಕತ್ತಲೆ, ಅಲುಗಾಡದ ಗಾಳಿ, ತಿನ್ನಲು ಚೂರು ಧೂಳು ಇಲ್ಲಾ ಬೆರಳಿನ ಎಣ್ಣೆ. ಗಾಳಿಯ ತೇವ ಶೇ 60-65 ದಾಟಿ ಹಾಗೇ ನಿಂತರೆ ಅದಕ್ಕೆ ಸಾಕು. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹತ್ತಿಯ ಟವೆಲ್ ತೇವ ಹೀರಿ ಲೆನ್ಸಿಗೆ ಹೊದಿಸಿದ ಹಾಗಾಯಿತು. ಬಟ್ಟೆ ತುಂಬಿದ ಕಪಾಟಿನಲ್ಲಿ ಗಾಳಿ ಆಡಲಿಲ್ಲ. ಸಿಲಿಕಾ ಪೊಟ್ಟಣ ಅಂದರೆ ಸ್ಪಂಜಿನ ಹಾಗೆ. ಗಾಳಿ ಹೋಗದ ಡಬ್ಬದಲ್ಲಿದ್ದರೆ ಮಾತ್ರ ಅದಕ್ಕೆ ಬೆಲೆ. ಸಂದು ಇರುವ ಕಪಾಟಿನಲ್ಲಿ ಅದು ಬೇಗನೆ ತುಂಬಿಹೋಗುತ್ತದೆ, ಆಮೇಲೆ ಸುಮ್ನೆ ಬಿದ್ದಿರುತ್ತದೆ. ಬೂಸಲು ಬರೀ ಗಾಜಿನ ಮೇಲೆ ಕೂತಿರುವುದಿಲ್ಲ, ಆಮ್ಲ ಬಿಡುತ್ತದೆ. ಅದು ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ. ಹುಬ್ಬಳ್ಳಿಗೆ ಒಯ್ದು ಬಿಚ್ಚಿಸಿ ತೊಳೆಸಿದೆ. ಎಳೆಗಳು ಹೋದವು, ಕಲೆ ಹೋಗಲಿಲ್ಲ. ಬೆಳಕಿಗೆ ಎದುರಾಗಿ ಹಿಡಿದರೆ ಇಡೀ ಚಿತ್ರ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಳ್ಳುತ್ತಿತ್ತು. ಮಾರಲೂ ಆಗಲಿಲ್ಲ. ಇನ್ನೂ ಎರಡು ವರ್ಷದ ಮೇಲೆ ಕಂತು ಬಾಕಿ ಇತ್ತು.

ಹಳೇ 18-55 ಏನಾಯಿತು ಗೊತ್ತಾ? ಅದನ್ನು ಯಾರೂ ಕಾಪಾಡಿರಲಿಲ್ಲ. ಕ್ಯಾಮೆರಾ ಸಮೇತ ಹೊರಗಿನ ಕೋಣೆಯ ಗೂಟಕ್ಕೆ ನೇತಾಡುತ್ತಿತ್ತು. ಮಗ ಮಳೆಗಾಲ ಪೂರ್ತಿ ಅದರಲ್ಲಿ ಕಪ್ಪೆ, ಬಸವನಹುಳು, ಚೌತಿಯ ಗಣಪತಿ ಅಂತ ತೆಗೆಯುತ್ತಲೇ ಇದ್ದ. ಟಾರ್ಚ್ ಬಿಟ್ಟು ನೋಡಿದೆ. ಒಂದು ಎಳೆಯೂ ಇರಲಿಲ್ಲ. ದಿನಾ ಗಾಳಿ ಬೆಳಕು ಕಂಡಿತ್ತಲ್ಲ.

ಆ ರಾತ್ರಿ ಲೆಕ್ಕ ಹಾಕಿದೆ. ವರ್ಷಕ್ಕೆ ನಾಲ್ಕು ತಿಂಗಳು ಬಾಗಿಲು ಹಾಕಿದ್ದೆ. ಉಳಿದ ಎಂಟು ತಿಂಗಳಲ್ಲಿ ಭಾನುವಾರದ ಸಂಜೆ ಮಾತ್ರ. ಮೂರು ವರ್ಷದಲ್ಲಿ ನೂರು ದಿನವೂ ಕಲಿತಿರಲಿಲ್ಲ. ಲೆನ್ಸ್ ಹಾಳಾದದ್ದಕ್ಕಿಂತ ಇದು ಜಾಸ್ತಿ ನೋಯಿಸಿತು.

ಮುಂದಿನ ಜೂನ್‌ನಲ್ಲಿ 18-55 ಹಾಕಿಕೊಂಡು ಮಳೆಯಲ್ಲೇ ಹೊರಟೆ. ಪ್ಲಾಸ್ಟಿಕ್ ಚೀಲಕ್ಕೆ ತೂತು ಮಾಡಿ ಲೆನ್ಸಿನ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿದರೆ ಮಳೆಯ ಅಂಗಿ ಆಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಅಲ್ಲೊಂದು ಶೆಡ್ಡಿನಲ್ಲಿ ಒಬ್ಬರು ಹರಿದ ಬಲೆ ಕಟ್ಟುತ್ತಾ ಕೂತಿದ್ದರು. ಕೇಳಿಕೊಂಡು ಹತ್ತಿರ ಹೋಗಿ ನೆಲದ ಮೇಲೆ ಕೂತೆ. ಆಗ ಕಂಡಿತು. ಅವರು ಬಲೆಯ ಕಣ್ಣನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದಿದ್ದರು. ಹೆಬ್ಬೆರಳಿನ ಬುಡದಲ್ಲಿ ದಾರ ಉಜ್ಜಿ ಉಜ್ಜಿ ಒಂದು ಗೀರು, ಉಂಗುರ ಹಾಕಿದ ಜಾಗದ ಹಾಗೆ. ಬಲಗೈ ಸೂಜಿ ಒಳಗೆ ಹೋಗಿ ಗಂಟು ಬಿಗಿಯುವಾಗ ಆ ಬೆರಳು ಮೆಲ್ಲಗೆ ಹಿಂದಕ್ಕೆ ಬಾಗುತ್ತಿತ್ತು. ಒಂದು ತಾಸು ಅದನ್ನೇ ತೆಗೆದೆ. ಬಾಗಿಲ ಕಡೆಯಿಂದ ಮಳೆಯ ಬೂದು ಬೆಳಕು ಓರೆಯಾಗಿ ಬೀಳುತ್ತಿತ್ತು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 1/60 ಸೆಕೆಂಡು. ಮೊದಲ ನಲವತ್ತು ಚಿತ್ರಗಳಲ್ಲಿ ಕೈ ಇದೆ, ಬೆರಳಿಲ್ಲ. ಇಲ್ಲಾ ಬೆರಳಿದೆ, ಮುಖವಿಲ್ಲ. ಎರಡಡಿ ಎಡಕ್ಕೆ ಸರಿದೆ. ಮುಖ, ಕೈ, ಬೆರಳು, ಬಲೆ ನಾಲ್ಕೂ ಒಂದೇ ಚೌಕಟ್ಟಿಗೆ ಬಂದವು. ಪೇಟೆಯ ಅಜ್ಜಿ 'ಬುಟ್ಟಿ ಎಲ್ಲಿ' ಅಂದದ್ದು ಆಗ ಅರ್ಥವಾಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಮೈ ಪೂರ್ತಿ ಒದ್ದೆ, ಆದರೂ ನಗು ನಿಲ್ಲುತ್ತಿರಲಿಲ್ಲ. ಎರಡು ಕೆಜಿ ಲೆನ್ಸ್ ಬಂದ ದಿನವೂ ಇಷ್ಟು ಖುಷಿಯಾಗಿರಲಿಲ್ಲ.

ಜುಲೈನಲ್ಲಿ ತವರಿಗೆ ಹೋದೆ. ಮಳೆ ಬಿಡುವು ಕೊಟ್ಟಿತ್ತು. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯಲು ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಕೆಲಸ ಮಾಡುವವನು, ಮರ ಹತ್ತಿದ್ದ. ಒಂದು ಅಡಿಕೆ ಮರವನ್ನು ಜೀಕಿ ಇನ್ನೊಂದಕ್ಕೆ ದಾಟುತ್ತಾನಲ್ಲ, ಅದು ನನಗೆ ಬೇಕಿತ್ತು. ತೆಗೆದೆ. ಮನುಷ್ಯ ಇದ್ದಿಲಿನ ಹಾಗೆ ಕಪ್ಪು, ಆಕಾಶ ಬೂದಿ. ಕ್ಯಾಮೆರಾದ ಅಳತೆಯೇ ಹಾಗೆ, ಎದುರಿಗೆ ಎಷ್ಟೇ ಬಿಳಿ ಇರಲಿ ಅದು ನಡುಬೂದಿ ಅಂತ ತಿಳಿದು ಬೆಳಕು ತಗ್ಗಿಸುತ್ತದೆ. ಮಳೆಗಾಲದ ಬಿಳಿ ಮೋಡ ಹಿಂದಿದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಗುಂಡಿ ಒತ್ತಿ +1 ಅಥವಾ +1.3ಕ್ಕೆ ಏರಿಸಬೇಕು. ಏರಿಸಿದೆ. ಅವನ ಮುಖ ಬಂತು. ಅಣ್ಣ ಆ ಚಿತ್ರ ನೋಡಿ, 'ತಂಗಿ, ಇವನು ಕೆಳಗೆ ನೋಡೋದೇ ಇಲ್ಲ, ಮುಂದಿನ ಮರ ನೋಡ್ತಾನೆ' ಅಂದ. ಐವತ್ತು ವರ್ಷ ತೋಟದಲ್ಲಿದ್ದೂ ಅಣ್ಣ ಅದನ್ನು ಮೊದಲ ಸಲ ಗಮನಿಸಿದ್ದಂತೆ.

ಯಕ್ಷಗಾನದಲ್ಲಿ ಕಲಿತದ್ದೂ ಒಂದಿದೆ. ರಂಗಸ್ಥಳದ ಎಲ್‌ಇಡಿ ದೀಪದಲ್ಲಿ ಫೋಟೊ ತೆಗೆದರೆ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತಿತ್ತು, ಕ್ಯಾಮೆರಾ ಕೆಟ್ಟಿದೆ ಅಂದುಕೊಂಡಿದ್ದೆ. ನಮ್ಮ ಕರೆಂಟು 50 ಹರ್ಟ್ಸ್, ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ 1/100 ಇಲ್ಲಾ 1/50ಕ್ಕೆ ಇಟ್ಟರೆ ಪಟ್ಟಿ ಹೆಚ್ಚಾಗಿ ಹೋಗುತ್ತದೆ. ಅಷ್ಟು ನಿಧಾನದ ಶಟರ್‌ನಲ್ಲಿ ಮಂಡಿ ಕುಣಿತ ಮಸುಕಾಗುತ್ತದೆ, ಹಾಗಾಗಿ ಕುಣಿತ ಒಂದು ಕ್ಷಣ ನಿಲ್ಲುವ ಜಾಗಕ್ಕೆ ಕಾಯಬೇಕು. ಕಾಯಬೇಕೆಂದರೆ ಚೆಂಡೆ ಕೇಳಬೇಕು. ಈಗ ಕಣ್ಣಿಗಿಂತ ಮೊದಲು ಕಿವಿಯಿಂದ ಫೋಟೊ ತೆಗೆಯುತ್ತೇನೆ.

'ಎಷ್ಟು ದಿನ ಹೀಗೆ ಬರೀ ಹವ್ಯಾಸಿಯಾಗಿ ಇರುವುದು' ಅಂತ ಕೇಳಿದ್ದೀರಿ. ಆ 'ಬರೀ' ನನಗೆ ಒಪ್ಪಿಗೆಯಿಲ್ಲ. ನಮ್ಮ ಜಿಲ್ಲೆಯಲ್ಲಿ ಹವ್ಯಾಸಿ ಭಾಗವತರು, ಹವ್ಯಾಸಿ ವೇಷಧಾರಿಗಳು ಎಷ್ಟು ಜನ! ಹಗಲು ಬ್ಯಾಂಕು, ತೋಟ, ಅಂಗಡಿ. ರಾತ್ರಿ ಗೆಜ್ಜೆ. ಅವರನ್ನು ಯಾರಾದರೂ ಅರ್ಧಂಬರ್ಧ ಅನ್ನುತ್ತಾರಾ? ಮದುವೆ ಫೋಟೊ ತೆಗೆಯುವವರು ತಾಳಿ ಕಟ್ಟುವ ಹೊತ್ತು ತಪ್ಪಿಸುವ ಹಾಗಿಲ್ಲ. ನನಗೆ ಒಂದು ಹೆಬ್ಬೆರಳಿಗೆ ಒಂದು ತಾಸು ಕೊಡುವ ಸ್ವಾತಂತ್ರ್ಯ ಇದೆ. ಅದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಹಾಗಾದರೆ ಫುಲ್‌ಫ್ರೇಮ್? ಬೇಡ. ಕತ್ತಲಲ್ಲಿ ಅದು ಸುಮಾರು ಒಂದು ಸ್ಟಾಪ್ (ಅಂದರೆ ಎರಡರಷ್ಟು ಬೆಳಕು) ಮೇಲು, ನಿಜ. ಆದರೆ ನಿಮ್ಮ ಕ್ಯಾಮೆರಾ 24 ಮೆಗಾಪಿಕ್ಸೆಲ್ ಅಂದಿದ್ದೀರಿ. 6000ಕ್ಕೆ 4000 ಚುಕ್ಕಿ, ಇಂಚಿಗೆ 300ರಂತೆ ಭಾಗಿಸಿದರೆ 20 ಇಂಚು ಅಗಲ, 13 ಇಂಚು ಎತ್ತರದ ಪ್ರಿಂಟ್ ಬರುತ್ತದೆ. ಅಷ್ಟು ದೊಡ್ಡದು ನೀವು ಎಷ್ಟು ಹಾಕಿಸಿದ್ದೀರಿ? ಬೆಂಗಳೂರಿನ ಕೋರ್ಸ್ ಕೆಟ್ಟದ್ದು ಅಂತಲ್ಲ, ಆದರೆ ವಾರ ಪೂರ್ತಿ ಚೀಲದಲ್ಲಿರುವ ಕ್ಯಾಮೆರಾಕ್ಕೆ ಅದು ಮದ್ದಲ್ಲ. ದುಡ್ಡು ಖರ್ಚು ಮಾಡಲೇಬೇಕು ಅಂದರೆ ಗಾಳಿ ಹೋಗದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಬಣ್ಣ ಬದಲಾಗುವ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ತಗೊಳ್ಳಿ. ತೇವ ಶೇ 40ರಿಂದ 50ರೊಳಗೆ ಇರಲಿ. ಸಿಲಿಕಾ ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಹೀರುತ್ತದೆ. ಉಳಿದ ದುಡ್ಡಲ್ಲಿ ಪ್ರಿಂಟ್ ಹಾಕಿಸಿ, ಚಿತ್ರದಲ್ಲಿ ಇರುವವರಿಗೇ ಕೊಡಿ. ಅವರು ಹೇಳುವುದನ್ನು ನಿಂತು ಕೇಳಿ.

ನೀವು ಇರುವುದು ಕುಮಟಾದಲ್ಲಿ ಅಂತ ಬರೆದಿದ್ದೀರಿ. ಅಘನಾಶಿನಿ ಅಳಿವೆ ಕಾಲ ಬುಡದಲ್ಲೇ ಇದೆ! ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ ಅಂತ 2024ರಲ್ಲಿ ಪ್ರಕಟವಾದ ಜಾಗ ಅದು. ನೀರು ಇಳಿದಾಗ ಹೆಂಗಸರು, ಗಂಡಸರು ಮೊಣಕಾಲುದ್ದ ನೀರಲ್ಲಿ ಚಿಪ್ಪಿ ಆರಿಸುತ್ತಾರೆ. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಆರಕ್ಕೆ ಇದ್ದರೆ ನಾಳೆ ಆರು ಐವತ್ತರ ಸುಮಾರಿಗೆ, ನಾಡಿದ್ದು ಏಳೂ ನಲವತ್ತರ ಹತ್ತಿರ. ಒಂದೇ ಜಾಗಕ್ಕೆ ವಾರ ಪೂರ್ತಿ ಹೋದರೆ ಅದೇ ಕೆಲಸ, ಅದೇ ಜನ, ಬೇರೆ ಬೇರೆ ಬೆಳಕು. 18-55 ಸಾಕು. ಚಪ್ಪಲಿ ದಡದಲ್ಲೇ ಬಿಟ್ಟು ನೀರಿಗಿಳಿಯಿರಿ. ಮೊದಲ ದಿನ ಕ್ಯಾಮೆರಾ ಹೊರಗೆ ತೆಗೆಯಬೇಡಿ, ಅವರ ಕಾಲು ಕೆಸರಿನಲ್ಲಿ ಚಿಪ್ಪಿಯನ್ನು ಹೇಗೆ ಹುಡುಕುತ್ತದೆ ನೋಡಿ.