ರೇಜ್ ಅಗೇನ್ಸ್ಟ್ ದ ಮೆಷೀನ್ ಬ್ಯಾಂಡಿನ ಲೈವ್ ಶೋಗಳಲ್ಲಿ ಅಂಥದ್ದೇನಿತ್ತು?

ಒಂದೇ ಮಾತಲ್ಲಿ ಹೇಳಬೇಕಂದ್ರೆ, ಸಿಟ್ಟು. ಅದೂ ನಿಜವಾದ ಸಿಟ್ಟು. 1991ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಾಲ್ವರು ಸೇರಿ ಕಟ್ಟಿದ ಬ್ಯಾಂಡ್ ಇದು. ಜ್ಯಾಕ್ ಡಿ ಲಾ ರೋಚಾ ರ‍್ಯಾಪ್ ಮಾಡುತ್ತಿದ್ದರೆ ಹಿಂದೆ ಹೆವಿ ಮೆಟಲ್ ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು) ಗುಡುಗುತ್ತಿತ್ತು. ಬ್ಯಾಂಡಿನಲ್ಲಿ ಡಿಜೆ ಇರಲಿಲ್ಲ. ಟಾಮ್ ಮೊರೆಲೊ ಒಂದು ಕೈಯಲ್ಲಿ ತಂತಿ ಉಜ್ಜುತ್ತಾ, ಇನ್ನೊಂದು ಕೈಯಲ್ಲಿ ಗಿಟಾರಿನ ಸ್ವಿಚ್ ಟಕಟಕ ಅಂತ ಆಡಿಸಿ, ಡಿಜೆ ರೆಕಾರ್ಡ್ ಕೆರೆದಂಥ ಸದ್ದು ಹೊರಡಿಸುತ್ತಿದ್ದರು. ಅದನ್ನು ಕೇಳಿದರೆ ಸಾಲದು, ಅವರ ಕೈ ನೋಡಬೇಕು!

1993ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಲೊಲ್ಲಾಪಲೂಜಾ ಸಂಗೀತೋತ್ಸವದಲ್ಲಿ ಇವರು ಒಂದೂ ಹಾಡು ಹಾಡಲಿಲ್ಲ. ಬಾಯಿಗೆ ಟೇಪ್ ಅಂಟಿಸಿಕೊಂಡು, ಬೆತ್ತಲೆಯಾಗಿ ಸುಮಾರು ಕಾಲು ಗಂಟೆ ಸುಮ್ನೆ ನಿಂತರು. ಎದೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಅಕ್ಷರ: ಪಿ, ಎಂ, ಆರ್, ಸಿ. ಆಲ್ಬಮ್‌ಗಳ ಮೇಲೆ ‘ಮಕ್ಕಳಿಗೆ ಸಲ್ಲದ ಮಾತುಗಳಿವೆ’ ಅನ್ನೋ ಎಚ್ಚರಿಕೆ ಚೀಟಿ ಬರಲು ಕಾರಣವಾದ ಗುಂಪಿನ ಹೆಸರದು; ಅದರ ವಿರುದ್ಧವೇ ಈ ಪ್ರತಿಭಟನೆ. ಮೊದಮೊದಲು ಕೂಗಿ ಹುರಿದುಂಬಿಸಿದ ಜನ ಆಮೇಲೆ ಸಿಟ್ಟಾದರು. ನನಗೆ ಅವರ ಅತ್ಯಂತ ಗಟ್ಟಿ ಶೋ ಅದೇ.

2000ದಲ್ಲಿ ಜ್ಯಾಕ್ ಹೊರನಡೆದರು. 2007ರಲ್ಲಿ ಕೊಚೆಲ್ಲಾ ಸಂಗೀತೋತ್ಸವದಲ್ಲಿ ನಾಲ್ವರೂ ಮತ್ತೆ ಒಂದಾದರು. 2022ರ ಟೂರ್‌ನಲ್ಲಿ, ಶಿಕಾಗೋದಲ್ಲಿ ಜ್ಯಾಕ್ ಕಾಲಿಗೆ ಏಟಾಯಿತು. ಆದರೂ ಕೂತುಕೊಂಡೇ ಹಾಡಿ ಮುಗಿಸಿದರು. ಇನ್ನು ಶೋ ಇಲ್ಲ ಅಂತ ಡ್ರಮ್ಮರ್ ಬ್ರ್ಯಾಡ್ ವಿಲ್ಕ್ 2024ರ ಜನವರಿಯಲ್ಲಿ ತಿಳಿಸಿದರು.